ಗುಸ್ತಾವ್ ಸ್ಟ್ರೆಸೆಮನ್

ಹಿಟ್ಲರನ ಹೆಸರನ್ನು ಕೇಳದ ವಿದ್ಯಾರ್ಥಿಯು ನಮ್ಮಲ್ಲಿ ಇರಲಾರನು. ಆದರೆ 1923ರಲ್ಲಿ ಆ ಹಿಟ್ಲರನು ಮೊದಲನೆಯ ಸಲ ರಾಜ್ಯವನ್ನು ಕಸಿದುಕೊಳ್ಳಹೊರಟು, ಸೋತು, ಸೆರೆಮನೆಯ ದಾರಿ ಹಿಡಿದಾಗ ಜರ್ಮನಿಯ ಆಡಳಿತದ ಚುಕ್ಕಾಣಿಯನ್ನು ಹಿಡಿದಿದ್ದವನು ಯಾರೆಂದು ಕೇಳಿದರೆ ಉತ್ತರ ಹೇಳಬಲ್ಲವರು ವಿರಳ. ಆತನೇ ಗುಸ್ತಾವ್ ಸ್ಟ್ರೆಸೆಮನ್. ಕೇಡನ್ನು ಮಾಡಿದವರ ಹೆಸರು ಉಳಿಯುವಷ್ಟು ಸುಲಭವಾಗಿ ಕೇಡನ್ನು ಕೆಲವು ಕಾಲ ತಡೆದು ನಿಲ್ಲಿಸಿದವರ ಹೆಸರು ಉಳಿಯುವುದಿಲ್ಲ. ಈತನು ಪ್ರಧಾನಿಯಾಗಿದ್ದುದು ನೂರು ದಿನಗಳಿಗಿಂತ ತುಸು ಹೆಚ್ಚು ಕಾಲ; ವಿದೇಶಾಂಗ ಮಂತ್ರಿಯಾಗಿದ್ದುದು ಆರು ವರ್ಷ. ಒಂದು ದೇಶದ ಹಣವು ಬೆಲೆಯನ್ನು ಕಳೆದುಕೊಂಡಾಗ ಸಾಮಾನ್ಯ ಜನರ ಬಾಳು ಏನಾಗುತ್ತದೆ, ಅವರ ಕೋಪವು ಯಾವ ಕಡೆಗೆ ಹರಿಯುತ್ತದೆ ಎಂಬುದನ್ನು ಈತನ ಚರಿತ್ರೆಯಷ್ಟು ಸ್ಪಷ್ಟವಾಗಿ ತೋರಿಸುವ ಚರಿತ್ರೆಗಳು ಹೆಚ್ಚಿಲ್ಲ. ಆದುದರಿಂದಲೇ ಈ ವರ್ಷದ ಸಂಚಿಕೆಗಾಗಿ ನಾವು ಇದನ್ನು ಆರಿಸಿಕೊಂಡೆವು.

ಸ್ಟ್ರೆಸೆಮನ್ನನು ಹುಟ್ಟಿದುದು 1878ನೆಯ ಇಸವಿ ಮೇ 10ರಂದು, ಬರ್ಲಿನ್ ನಗರದ ಕೋಪೆನಿಕ್ ಬೀದಿಯಲ್ಲಿ. ತಂದೆಯು ಬಿಯರನ್ನು ಶೀಶೆಗಳಲ್ಲಿ ತುಂಬಿಸಿ ಮಾರುತ್ತಿದ್ದ ಸಣ್ಣ ವ್ಯಾಪಾರಿ. ಅದರ ಜೊತೆಗೆ ಒಂದು ಚಿಕ್ಕ ಪಾನಗೃಹವನ್ನೂ ನಡೆಸುತ್ತಿದ್ದನು. ಮನೆಯ ಕೆಲವು ಕೋಣೆಗಳನ್ನು ಬಾಡಿಗೆಗೆ ಕೊಟ್ಟು ಸಂಸಾರವನ್ನು ತೂಗಿಸುತ್ತಿದ್ದನು. ಮಕ್ಕಳು ಅನೇಕರು, ಅವರಲ್ಲಿ ಗುಸ್ತಾವನೇ ಕಡೆಯವನು. ಪ್ರೌಢಶಾಲೆಯನ್ನು ಮುಗಿಸಿ ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ಹತ್ತುವ ಭಾಗ್ಯವು ಆ ಮನೆಯಲ್ಲಿ ಈತನೊಬ್ಬನಿಗೇ ಒದಗಿತು. ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದ ಹಿರಿಯರ ಕಥೆಗಳನ್ನು ಈ ನಗರದಲ್ಲಿ ಕೇಳಿ ಬೆಳೆದಿರುವ ನಮ್ಮ ಓದುಗರಿಗೆ, ಅಂತಹ ಮನೆಯಲ್ಲಿ ಒಬ್ಬ ಮಗನನ್ನು ಓದಿಸುವುದೆಂದರೆ ಏನೆಂಬುದನ್ನು ನಾವು ವಿವರಿಸಬೇಕಾಗಿಲ್ಲ.

ಬರ್ಲಿನ್ನಿನಲ್ಲಿಯೂ ಲೈಪ್‌ಜಿಗ್‌ನಲ್ಲಿಯೂ ಅರ್ಥಶಾಸ್ತ್ರವನ್ನು ಓದಿ ಆತನು ಡಾಕ್ಟರ್ ಪದವಿಗಾಗಿ ಒಂದು ಪ್ರಬಂಧವನ್ನು ಬರೆದನು. ವಿಷಯವು ಬರ್ಲಿನ್ನಿನ ಶೀಶೆ ಬಿಯರಿನ ವ್ಯಾಪಾರದ ಬೆಳವಣಿಗೆ. ಮುಂದೆ ಆತನ ವೈರಿಗಳು ಈ ಪ್ರಬಂಧದ ಹೆಸರನ್ನೆತ್ತಿ ಬಹಳ ಹಾಸ್ಯಮಾಡಿದರು. ನಮಗಾದರೋ ಅದರಲ್ಲಿ ಹಾಸ್ಯಾಸ್ಪದವಾದುದೇನೂ ಕಾಣುವುದಿಲ್ಲ. ದೊಡ್ಡ ಕಾರಖಾನೆಗಳ ಪೈಪೋಟಿಯಲ್ಲಿ ತನ್ನ ತಂದೆಯಂತಹ ಚಿಕ್ಕ ವ್ಯಾಪಾರಿಗಳು ಹೇಗೆ ನಲುಗುತ್ತಾರೆಂಬುದನ್ನು ಮಗನೊಬ್ಬನು ಮನೆಯೊಳಗಿನಿಂದಲೇ ಕಂಡು ಬರೆದುದು ಮೆಚ್ಚತಕ್ಕ ಕೆಲಸವೇ ಸರಿ. ಅಂಗಡಿಕಾರ, ಗುಮಾಸ್ತ, ಉಪಾಧ್ಯಾಯ, ಪಿಂಚಣಿದಾರ – ಇವರದೇ ಆದ ಮಧ್ಯಮವರ್ಗವನ್ನು ಆತನು ಕೊನೆಯವರೆಗೂ ತನ್ನವರೆಂದು ಭಾವಿಸಿದನು. ಆ ವರ್ಗವು ಕೊನೆಯವರೆಗೂ ಆತನನ್ನು ತನ್ನವನೆಂದು ಭಾವಿಸಿತೇ ಎಂಬುದು ಬೇರೆ ಮಾತು.

ಓದು ಮುಗಿದ ಮೇಲೆ ಆತನಿಗೆ ದೊರೆತ ಮೊದಲನೆಯ ಉದ್ಯೋಗವು ಡ್ರೆಸ್ಡನ್ ನಗರದಲ್ಲಿ, ಚಾಕೊಲೇಟ್ ತಯಾರಕರ ಸಂಘದಲ್ಲಿ. ಬಳಿಕ ಸ್ಯಾಕ್ಸನಿ ಪ್ರಾಂತದ ಚಿಕ್ಕ ಪುಟ್ಟ ಕಾರಖಾನೆಗಳ ಒಡೆಯರನ್ನೆಲ್ಲ ಒಂದುಗೂಡಿಸಿ ಸಂಘವನ್ನು ಕಟ್ಟಿದನು. 1903ರಲ್ಲಿ ಕೇಟೆ ಎಂಬವಳನ್ನು ಮದುವೆಯಾದನು. ಆಕೆಯ ತಂದೆಯು ಬರ್ಲಿನ್ನಿನ ಯಹೂದಿ ಮೂಲದ ಒಬ್ಬ ವ್ಯಾಪಾರಿ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. 1907ರಲ್ಲಿ, ತನ್ನ 28ನೆಯ ವಯಸ್ಸಿನಲ್ಲಿ, ಆತನು ರೈಶ್‌ಸ್ಟಾಗ್ ಎಂಬ ಜರ್ಮನ್ ಸಂಸತ್ತಿಗೆ ಆಯ್ಕೆಯಾಗಿ ಆ ಸಭೆಯ ಅತ್ಯಂತ ಕಿರಿಯ ಸದಸ್ಯನೆನಿಸಿದನು. ಕುಳ್ಳಾದ ದಪ್ಪ ಮೈ, ಬೋಳಾದ ತಲೆ. ನೋಟಕ್ಕೆ ಏನೂ ವಿಶೇಷವಿಲ್ಲದಿದ್ದರೂ ಮಾತಿಗೆ ನಿಂತನೆಂದರೆ ಸಭೆಯು ಕಿವಿಗೊಡುತ್ತಿತ್ತು.

ಇಲ್ಲಿ ಒಂದು ಸಂಗತಿಯನ್ನು ಮರೆಮಾಚದೆ ಹೇಳಬೇಕಾಗಿದೆ. 1914ರಲ್ಲಿ ಮಹಾಯುದ್ಧವು ಆರಂಭವಾದಾಗ ಮುಂದೆ ಶಾಂತಿಯ ಪಾರಿತೋಷಕವನ್ನು ಪಡೆಯಲಿದ್ದ ಈ ಮನುಷ್ಯನು ಯುದ್ಧದ ಕಟ್ಟಾ ಬೆಂಬಲಿಗನಾಗಿದ್ದನು. ನೆರೆಯ ರಾಜ್ಯಗಳ ನೆಲವನ್ನು ಜರ್ಮನಿಯು ನುಂಗಬೇಕೆಂದೂ, ಜಲಾಂತರ್ಗಾಮಿ ನೌಕೆಗಳಿಂದ ಶತ್ರುಗಳ ಕಡೆಗೆ ಹೋಗುವ ಹಡಗುಗಳನ್ನೆಲ್ಲ ಮುಳುಗಿಸಬೇಕೆಂದೂ ವಾದಿಸಿದನು. ಆತನ ಆರೋಗ್ಯವು ಕೆಟ್ಟಿದ್ದುದರಿಂದ ತಾನು ಮಾತ್ರ ಸೈನ್ಯಕ್ಕೆ ಹೋಗಲಿಲ್ಲ. ಆ ಯುದ್ಧದ ವೆಚ್ಚವನ್ನು ಜರ್ಮನ್ ಸರಕಾರವು ಹೆಚ್ಚಾಗಿ ತೆರಿಗೆಯಿಂದ ತೆಗೆಯಲಿಲ್ಲ, ಸಾಲದಿಂದ ತೆಗೆಯಿತು. ಗೆದ್ದ ಮೇಲೆ ಸೋತವರಿಂದ ವಸೂಲು ಮಾಡಿ ತೀರಿಸಿದರಾಯಿತೆಂಬ ಭರವಸೆಯಿಂದ ಒಂಬತ್ತು ಸಲ ಯುದ್ಧಸಾಲದ ಪತ್ರಗಳನ್ನು ಹೊರಡಿಸಿ ಸುಮಾರು 9,800 ಕೋಟಿ ಮಾರ್ಕುಗಳನ್ನು ಪ್ರಜೆಗಳಿಂದ ಪಡೆಯಿತು. ದೇಶಭಕ್ತಿಯ ಹೆಸರಿನಲ್ಲಿ ವಿಧವೆಯರು ಕೊಟ್ಟರು, ಉಪಾಧ್ಯಾಯರು ಕೊಟ್ಟರು. ಶಾಲೆಗಳಲ್ಲಿ ಮಕ್ಕಳೂ ತಮ್ಮ ಬಿಡಿಗಾಸನ್ನು ಕೂಡಿಸಿ ಕೊಟ್ಟರು. ಆದರೆ ಗೆಲುವು ಬರಲಿಲ್ಲ. 1918ರ ನವೆಂಬರಿನಲ್ಲಿ ಚಕ್ರವರ್ತಿಯು ಸಿಂಹಾಸನವನ್ನು ಬಿಟ್ಟು ಹಾಲೆಂಡಿಗೆ ಹೋದನು, ಪ್ರಜಾಪ್ರಭುತ್ವವು ಬಂದಿತು, ಸಾಲವು ಮಾತ್ರ ಹಾಗೆಯೇ ಉಳಿಯಿತು. ಮುಂದೆ ಸ್ಟ್ರೆಸೆಮನ್ನನು ಯಾವ ಹಳ್ಳದಿಂದ ದೇಶವನ್ನು ಮೇಲೆತ್ತಬೇಕಾಯಿತೋ ಆ ಹಳ್ಳವನ್ನು ತೋಡುವುದರಲ್ಲಿ ಆತನ ಕೈಯೂ ಇತ್ತೆಂಬುದು ನಮ್ಮ ಅಭಿಪ್ರಾಯ.

ಯುದ್ಧಕ್ಕೆ ಮೊದಲು ಒಂದು ಅಮೆರಿಕನ್ ಡಾಲರಿಗೆ 4.20 ಮಾರ್ಕುಗಳ ಬೆಲೆಯಿತ್ತು. ಸೋತ ಜರ್ಮನಿಯು 13,200 ಕೋಟಿ ಚಿನ್ನದ ಮಾರ್ಕುಗಳ ಯುದ್ಧಪರಿಹಾರವನ್ನು ತೆರಬೇಕೆಂದು ಗೆದ್ದ ರಾಷ್ಟ್ರಗಳು 1921ರಲ್ಲಿ ವಿಧಿಸಿದವು. ಸರಕಾರದ ಆದಾಯವು ಖರ್ಚಿಗೆ ಸಾಲದು. ಹೊಸ ತೆರಿಗೆಯನ್ನು ಹಾಕಲು ಧೈರ್ಯವಿಲ್ಲ. ಆದುದರಿಂದ ನೋಟುಗಳನ್ನು ಅಚ್ಚು ಹಾಕುವುದೇ ದಾರಿಯಾಯಿತು. ಸಂತೆಯಲ್ಲಿ ಪದಾರ್ಥವು ಹೆಚ್ಚದೆ ನೋಟು ಮಾತ್ರ ಹೆಚ್ಚಿದರೆ ಬೆಲೆಯು ಏರುವುದೆಂಬುದನ್ನು ಸಣ್ಣ ಮಕ್ಕಳೂ ಊಹಿಸಬಲ್ಲರು. ಹೀಗಿರುವಾಗ ಕಲ್ಲಿದ್ದಲು ಮತ್ತು ಮರದ ಬಾಕಿಯು ಸಲ್ಲಲಿಲ್ಲವೆಂದು 1923ರ ಜನವರಿ 11ರಂದು ಫ್ರೆಂಚ್ ಮತ್ತು ಬೆಲ್ಜಿಯನ್ ಸೈನ್ಯಗಳು ಜರ್ಮನಿಯ ಗಣಿ ಕಾರಖಾನೆಗಳ ತವರಾದ ರೂರ್ ಕಣಿವೆಯನ್ನು ಆಕ್ರಮಿಸಿದವು. ಅಲ್ಲಿಯ ಕೂಲಿಕಾರರು ಆಯುಧವನ್ನು ಹಿಡಿಯದೆ ಕೆಲಸವನ್ನು ನಿಲ್ಲಿಸಿ ಕುಳಿತರು. ಅವರ ಅಸಹಕಾರವೇನೋ ಶ್ಲಾಘ್ಯವಾದುದು. ಆದರೆ ಕೆಲಸವಿಲ್ಲದೆ ಕುಳಿತ ಆ ಲಕ್ಷಗಟ್ಟಲೆ ಜನರಿಗೆ ಬರ್ಲಿನ್ನಿನ ಸರಕಾರವು ಕೂಲಿಯನ್ನು ಕೊಡಬೇಕಾಯಿತು. ಎಲ್ಲಿಂದ? ಮತ್ತೆ ಅಚ್ಚಿನ ಯಂತ್ರದಿಂದ. 130ಕ್ಕಿಂತ ಹೆಚ್ಚು ಮುದ್ರಣಾಲಯಗಳು ಹಗಲಿರುಳೂ ನೋಟುಗಳನ್ನು ಅಚ್ಚು ಹಾಕಿದವು. ಸಮಯ ಸಾಲದೆ ಒಂದೇ ಮಗ್ಗುಲಿಗೆ ಅಚ್ಚು ಹಾಕಿದ ನೋಟುಗಳೂ ಹೊರಬಂದವು.

ಆ ವರ್ಷದ ಜನವರಿಯಲ್ಲಿ ಡಾಲರಿಗೆ ಸರಾಸರಿ ಸುಮಾರು 18,000 ಮಾರ್ಕು; ಆಗಸ್ಟಿನಲ್ಲಿ ಸರಾಸರಿ 46 ಲಕ್ಷ; ನವೆಂಬರಿನಲ್ಲಿ 4,20,000 ಕೋಟಿ! ಬರ್ಲಿನ್ನಿನಲ್ಲಿ ಒಂದು ರೊಟ್ಟಿಯ ಬೆಲೆಯು ಸುಮಾರು 20,000 ಕೋಟಿ ಮಾರ್ಕುಗಳಿಗೆ ಏರಿತು. ಇಂತಹ ಅಂಕಿಗಳನ್ನು ಓದಿದಾಗ ನಗು ಬರುವುದು ಸಹಜ. ಆದರೆ ಅದರೊಳಗೆ ಸಿಕ್ಕಿಕೊಂಡವರಿಗೆ ನಗು ಬರಲಿಲ್ಲ. ಕೂಲಿಯನ್ನು ಮೊದಲು ವಾರಕ್ಕೊಮ್ಮೆ, ಆಮೇಲೆ ದಿನಕ್ಕೊಮ್ಮೆ, ಕಡೆಗೆ ದಿನಕ್ಕೆರಡು ಸಲ ಕೊಡತೊಡಗಿದರು. ಕಾರಖಾನೆಯ ಬಾಗಿಲಿನಲ್ಲಿ ಹೆಂಡಂದಿರು ಬುಟ್ಟಿ ಹಿಡಿದು ಕಾದಿರುತ್ತಿದ್ದರು. ಗಂಡನ ಕೈಯಿಂದ ನೋಟಿನ ಕಂತೆಯನ್ನು ಇಸಿದುಕೊಂಡು ಅಂಗಡಿಗೆ ಓಡುತ್ತಿದ್ದರು. ಒಂದು ಗಂಟೆ ತಡವಾದರೆ ಅಷ್ಟು ಹಣಕ್ಕೆ ಅರ್ಧ ಪದಾರ್ಥವೂ ಬಾರದು. ರೈತರು ಈ ಕಾಗದಕ್ಕೆ ಧಾನ್ಯವನ್ನು ಮಾರಲೊಲ್ಲದೆ ಕಣಜದಲ್ಲಿಯೇ ಉಳಿಸಿಕೊಂಡರು. ಬೆಳೆಯು ಚೆನ್ನಾಗಿದ್ದರೂ ಪೇಟೆಯಲ್ಲಿ ಹಸಿವು. ವೈದ್ಯರು ಶುಲ್ಕಕ್ಕೆ ಬದಲು ಮೊಟ್ಟೆಯನ್ನೋ ಬೆಣ್ಣೆಯನ್ನೋ ಪಡೆದರು. ಮಕ್ಕಳು ಬೆಲೆಯಿಲ್ಲದ ನೋಟಿನ ಕಟ್ಟುಗಳನ್ನು ಇಟ್ಟಿಗೆಗಳಂತೆ ಜೋಡಿಸಿ ಗೋಪುರ ಕಟ್ಟಿ ಆಡಿದರು.

ಕೂಲಿಕಾರನ ಕಷ್ಟವು ಹಿರಿದೇ. ಆದರೂ ಆತನ ರಟ್ಟೆಯ ಬಲವನ್ನು ಯಾರೂ ಕಸಿಯಲಾರರು. ಬೆಲೆಯೇರಿದಂತೆ ಹಿಂದಿನಿಂದಾದರೂ ಕೂಲಿಯು ಏರುತ್ತಿತ್ತು. ತೀರ ಮುಳುಗಿದವರು ಉಳಿತಾಯ ಮಾಡಿದವರು. ಮೂವತ್ತು ವರ್ಷ ದುಡಿದು, ಹೊಟ್ಟೆಬಟ್ಟೆ ಕಟ್ಟಿ, ಮಗಳ ಮದುವೆಗೆಂದೋ ಮುಪ್ಪಿನ ಕಾಲಕ್ಕೆಂದೋ ಬ್ಯಾಂಕಿನಲ್ಲಿಟ್ಟ ಹಣವು ಒಂದು ಅಂಚೆಚೀಟಿಯ ಬೆಲೆಗೂ ಬಾರದಾಯಿತು. ವಿಮೆಯ ಕಂತುಗಳನ್ನು ತಪ್ಪದೆ ಕಟ್ಟಿದವನಿಗೆ ಅವಧಿ ಮುಗಿದಾಗ ಬಂದ ಮೊತ್ತದಲ್ಲಿ ಒಂದು ರೊಟ್ಟಿಯೂ ಬಾರದು. ಯುದ್ಧಸಾಲದ ಪತ್ರಗಳನ್ನು ಕೊಂಡವರ ಗತಿಯೂ ಅದೇ. ಸರಕಾರದ ಒಟ್ಟು ಯುದ್ಧಸಾಲವು ಹಳೆಯ ನಾಣ್ಯದ ಲೆಕ್ಕದಲ್ಲಿ ಕೆಲವೇ ಬಿಡಿಗಾಸುಗಳಿಗೆ ಇಳಿಯಿತು. ಮತ್ತೊಂದು ಕಡೆ, ಸಾಲಮಾಡಿ ಮನೆಯನ್ನೋ ಜಮೀನನ್ನೋ ಕಾರಖಾನೆಯನ್ನೋ ಕೊಂಡಿದ್ದವರು ಆ ಸಾಲವನ್ನು ಈ ಕಸದಂತಹ ನೋಟುಗಳಿಂದ ತೀರಿಸಿ ಸುಖವಾಗಿದ್ದರು. ಉಳಿಸಿದವನು ಭಿಕಾರಿ, ಸಾಲಗಾರನು ಧನಿಕ! ಚಿಕ್ಕಂದಿನಿಂದ ಶಾಲೆಯಲ್ಲಿ ಕಲಿತ ನೀತಿಯೆಲ್ಲ ತಲೆಕೆಳಗಾದಂತೆ ಅವರಿಗೆ ತೋರಿದುದು ಸಹಜ. ಹೊಟ್ಟೆಯ ಹಸಿವನ್ನು ಮನುಷ್ಯನು ಮರೆಯಬಲ್ಲನು. ತನ್ನನ್ನು ಮೋಸಗೊಳಿಸಿದರೆಂಬ ಕಹಿಯನ್ನು ಮರೆಯುವುದು ಕಷ್ಟ.

ಮೋಸಗೊಳಿಸಿದವರು ಯಾರು? ಈ ಪ್ರಶ್ನೆಗೆ ಸರಿಯಾದ ಉತ್ತರವು ಉದ್ದವಾದುದು, ಬೇಸರ ತರುವಂತಹುದು: ಚಕ್ರವರ್ತಿಯ ಕಾಲದ ಸಾಲ, ಸೋಲು, ಪರಿಹಾರದ ಹೊರೆ, ಅಧಿಕಾರಿಗಳ ಅವಿವೇಕ. ಆದರೆ ಬೀದಿಯಲ್ಲಿ ನಿಂತು ಗಿಡ್ಡದಾದ ಉತ್ತರವನ್ನು ಕೊಡುವವರು ಬಹಳ ಮಂದಿ ಇದ್ದರು. ಒಂದು ಪಂಗಡದವರು ಬಂಡವಾಳಗಾರರನ್ನು ತೋರಿಸಿ ರಷ್ಯದಂತಹ ಕ್ರಾಂತಿಯೇ ಮದ್ದೆಂದರು. ಇನ್ನೊಂದು ಪಂಗಡದವರು ಯಹೂದಿಗಳನ್ನೂ, ಸಂಧಿಪತ್ರಕ್ಕೆ ಒಪ್ಪಿದ ಪ್ರಜಾಪ್ರಭುತ್ವದ ಮಂತ್ರಿಗಳನ್ನೂ ತೋರಿಸಿದರು. ಕದನವಿರಾಮಕ್ಕೆ ಸಹಿ ಹಾಕಿದ ಎರ್ಜ್‌ಬರ್ಗರನನ್ನು 1921ರಲ್ಲಿಯೂ, ವಿದೇಶಾಂಗ ಮಂತ್ರಿಯಾಗಿದ್ದ ಯಹೂದಿ ವಂಶದ ರಾಥೆನಾವುವನ್ನು 1922ರಲ್ಲಿಯೂ ಕೊಂದರು. ಸ್ಟ್ರೆಸೆಮನ್ನನು ಒಳಗೊಳಗೆ ರಾಜಪಕ್ಷಪಾತಿಯಾಗಿಯೇ ಉಳಿದಿದ್ದನು. ಆದರೆ ಈ ಕೊಲೆಗಳಿಂದ ಆತನ ಮನಸ್ಸು ಕದಡಿತು. ಪ್ರಜಾಪ್ರಭುತ್ವವನ್ನು ಪ್ರೀತಿಯಿಂದಲ್ಲದಿದ್ದರೂ ವಿವೇಕದಿಂದ ಎತ್ತಿಹಿಡಿಯಬೇಕೆಂಬ ನಿಲುವಿಗೆ ಆತನು ಬಂದನು. ಇಂತಹ ಬದಲಾವಣೆಯನ್ನು ಅವಕಾಶವಾದವೆಂದು ಜರೆದವರುಂಟು. ತಪ್ಪನ್ನು ತಿಳಿದ ಮೇಲೆಯೂ ಹಳೆಯ ಮಾತಿಗೆ ಅಂಟಿಕೊಂಡಿರುವುದು ಹೆಚ್ಚಿನ ಗುಣವೆಂದು ನಮಗೆ ತೋರುವುದಿಲ್ಲ.

1923ರ ಆಗಸ್ಟ್ 13ರಂದು ಆತನು ಚಾನ್ಸೆಲರನಾದನು. ನಮ್ಮ ಪ್ರಧಾನಮಂತ್ರಿಯ ಪದವಿಗೆ ಸಮನಾದುದು ಅದು. ಸಮಾಜವಾದಿಗಳಿಂದ ಹಿಡಿದು ಕಾರಖಾನೆಯ ಒಡೆಯರ ಪಕ್ಷದವರೆಗೆ ನಾಲ್ಕು ಪಕ್ಷಗಳನ್ನು ಒಂದೇ ನೊಗಕ್ಕೆ ಕಟ್ಟಿದನು. ಮೊದಲನೆಯ ಕೆಲಸವೇ ಎಲ್ಲಕ್ಕಿಂತ ಕಹಿಯಾದುದು: ಸೆಪ್ಟೆಂಬರ್ 26ರಂದು ರೂರ್ ಪ್ರದೇಶದ ಅಸಹಕಾರವನ್ನು ನಿಲ್ಲಿಸಿದೆವೆಂದು ಸಾರಬೇಕಾಯಿತು. ಅದು ಫ್ರಾನ್ಸಿಗೆ ತಲೆಬಾಗಿದಂತೆ. ಹಾಗೆ ಮಾಡದೆ ಅಚ್ಚಿನ ಯಂತ್ರವನ್ನು ನಿಲ್ಲಿಸುವಂತಿರಲಿಲ್ಲ. ಯಂತ್ರವು ನಿಲ್ಲದೆ ರೊಟ್ಟಿಯ ಬೆಲೆಯು ನಿಲ್ಲುವಂತಿರಲಿಲ್ಲ. ಈ ನಿರ್ಧಾರವನ್ನು ಕೈಗೊಳ್ಳುವವನ ಹೆಸರಿಗೆ ದೇಶದ್ರೋಹಿಯೆಂಬ ಪಟ್ಟವು ಕಾದಿದೆಯೆಂಬುದನ್ನು ಆತನು ಚೆನ್ನಾಗಿ ಬಲ್ಲವನಾಗಿದ್ದನು.

ಆಮೇಲಿನ ಆರು ವಾರಗಳಲ್ಲಿ ದೇಶವು ಹರಿದು ಚೂರಾಗುವಂತೆ ಕಂಡಿತು. ಬವೇರಿಯದಲ್ಲಿ ಬಲಪಂಥದವರು ತುರ್ತು ಆಡಳಿತವನ್ನು ಘೋಷಿಸಿ ಬರ್ಲಿನ್ನಿನ ಮಾತನ್ನು ಕೇಳದಾದರು. ಸ್ಯಾಕ್ಸನಿ, ಥುರಿಂಜಿಯ ಪ್ರಾಂತಗಳ ಮಂತ್ರಿಮಂಡಲಗಳಿಗೆ ಕಮ್ಯುನಿಸ್ಟರು ಸೇರಿದರು. ರೈನ್ ನದಿಯ ದಡದಲ್ಲಿ ಬೇರೆ ರಾಜ್ಯವೇ ಬೇಕೆನ್ನುವವರು ಎದ್ದರು. ಅಕ್ಟೋಬರ್ 23ರಂದು ಹ್ಯಾಂಬರ್ಗ್ ನಗರದಲ್ಲಿ ಕಮ್ಯುನಿಸ್ಟರು ಪೊಲೀಸ್ ಠಾಣೆಗಳ ಮೇಲೆ ಬಿದ್ದರು. ನವೆಂಬರ್ 8ರ ರಾತ್ರಿ ಮ್ಯೂನಿಕ್ ನಗರದ ಒಂದು ದೊಡ್ಡ ಪಾನಗೃಹಕ್ಕೆ ಹಿಟ್ಲರನು ತನ್ನ ಹಿಂಡಿನೊಡನೆ ನುಗ್ಗಿ, ಬರ್ಲಿನ್ನಿನ ಸರಕಾರವು ಮುಗಿಯಿತೆಂದು ಸಾರಿದನು. ಒಬ್ಬ ಪಾನಗೃಹದ ಮಗನ ಸರಕಾರವನ್ನು ಇನ್ನೊಂದು ಪಾನಗೃಹದಲ್ಲಿ ನಿಂತು ಉರುಳಿಸಹೊರಟಂತಾಯಿತು! ಮರುದಿನ ಮಧ್ಯಾಹ್ನ ಪೊಲೀಸರ ಗುಂಡಿಗೆ ಹಿಟ್ಲರನ ಕಡೆಯವರು 16 ಮಂದಿ ಸತ್ತರು. ಪೊಲೀಸರಲ್ಲಿ ನಾಲ್ವರು ಮಡಿದರು. ಹಿಟ್ಲರನಿಗೆ ಐದು ವರ್ಷದ ಸೆರೆ ವಿಧಿಸಿದರೂ 1924ರ ಡಿಸೆಂಬರಿನಲ್ಲಿಯೇ ಆತನನ್ನು ಬಿಟ್ಟುಬಿಟ್ಟರು. ನ್ಯಾಯಾಧೀಶರ ಈ ಮೃದುತ್ವವು ಎಷ್ಟು ದುಬಾರಿಯಾಯಿತೆಂಬುದು ಆಗ ಯಾರಿಗೂ ತಿಳಿಯಲಿಲ್ಲ.

ಹಿಟ್ಲರನನ್ನು ಸೋಲಿಸಿದುದು ಪೊಲೀಸರ ಬಂದೂಕು ಮಾತ್ರವಲ್ಲ; ನವೆಂಬರ್ 15ರಂದು ಹೊರಬಂದ ಒಂದು ಹೊಸ ನೋಟು ಕೂಡ. ಅದರ ಹೆಸರು ರೆಂಟೆನ್‌ಮಾರ್ಕ್. ಅರ್ಥಮಂತ್ರಿ ಹ್ಯಾನ್ಸ್ ಲೂಥರ್ ಮತ್ತು ನಾಣ್ಯದ ಅಧಿಕಾರಿ ಹ್ಯಾಲ್ಮರ್ ಶಾಖ್ಟ್ ಇವರ ಕೈಯಲ್ಲಿ ಆ ಕೆಲಸವಿತ್ತು. ಖಜಾನೆಯಲ್ಲಿ ಬೇಕಾದಷ್ಟು ಚಿನ್ನವಿರಲಿಲ್ಲ. ಆದುದರಿಂದ ದೇಶದ ಹೊಲಗದ್ದೆಗಳ ಮೇಲೆಯೂ ಕಾರಖಾನೆಗಳ ಮೇಲೆಯೂ ಅಡಮಾನದ ಹೊಣೆಯನ್ನು ಹೇರಿ ಅದನ್ನೇ ಹೊಸ ನೋಟಿಗೆ ಆಧಾರವೆಂದರು. ನಿಜವನ್ನು ಹೇಳುವುದಾದರೆ, ನೋಟನ್ನು ಕೊಟ್ಟು ಯಾರೂ ಹೊಲವನ್ನು ಪಡೆಯುವಂತಿರಲಿಲ್ಲ. ಅದರ ಬಲವಿದ್ದುದು ಬೇರೆಡೆ: ಸರಕಾರಕ್ಕೆ 120 ಕೋಟಿಗಿಂತ ಹೆಚ್ಚು ಸಾಲವಿಲ್ಲವೆಂದು ಕಟ್ಟುಮಾಡಿದ್ದರು. ಡಿಸೆಂಬರಿನಲ್ಲಿ ಸರಕಾರವು ಇನ್ನಷ್ಟು ಕೇಳಿದಾಗ ರೆಂಟೆನ್ ಬ್ಯಾಂಕು ಕೊಡುವುದಿಲ್ಲವೆಂದಿತು. ಆ ನಿರಾಕರಣೆಯೇ ನೋಟಿನ ನಿಜವಾದ ಚಿನ್ನ. ಒಂದು ಹೊಸ ಮಾರ್ಕಿಗೆ ಹಳೆಯ ಒಂದು ಲಕ್ಷ ಕೋಟಿ ಮಾರ್ಕುಗಳ ಲೆಕ್ಕವಾಯಿತು. ಅಂಕಿಯಿಂದ 12 ಸೊನ್ನೆಗಳು ಹಾರಿಹೋದವು. ಜನರು ನಂಬಿದರು, ರೈತರು ಕಣಜವನ್ನು ತೆರೆದರು, ಅಂಗಡಿಗಳಲ್ಲಿ ಬೆಣ್ಣೆ ಆಲೂಗಡ್ಡೆಗಳು ಕಾಣಿಸಿಕೊಂಡವು. ಖರ್ಚನ್ನು ಇಳಿಸಲೆಂದು ಲಕ್ಷಾಂತರ ಸರಕಾರಿ ನೌಕರರನ್ನು ಕೆಲಸದಿಂದ ತೆಗೆದರೆಂಬುದನ್ನೂ ಇಲ್ಲಿಯೇ ಹೇಳಬೇಕು.

ಇದೆಲ್ಲ ನಡೆದು ಒಂದು ವಾರ ಕಳೆಯುವಷ್ಟರಲ್ಲಿ ಸ್ಟ್ರೆಸೆಮನ್ನನ ಸರಕಾರವು ಬಿದ್ದಿತು. ಸ್ಯಾಕ್ಸನಿಯ ಎಡಪಂಥದ ಮಂತ್ರಿಗಳನ್ನು ಸೈನ್ಯವನ್ನು ಕಳುಹಿಸಿ ಕೆಳಗಿಳಿಸಿದ್ದರು. ಬವೇರಿಯದ ಬಲಪಂಥದವರ ಮೇಲೆ ಮಾತ್ರ ಕೈಮಾಡಿರಲಿಲ್ಲ. ಇದು ಪಕ್ಷಪಾತವೆಂದು ಸಮಾಜವಾದಿಗಳು ಮುನಿದು ಹೊರಬಿದ್ದರು. ಅವರ ದೂರಿನಲ್ಲಿ ಹುರುಳಿತ್ತು. ನವೆಂಬರ್ 23ರಂದು ವಿಶ್ವಾಸದ ಮತದಲ್ಲಿ ಆತನು ಸೋತನು.

ಆದರೂ ವಿದೇಶಾಂಗದ ಖಾತೆಯನ್ನು ಬೇರೆಯವರಿಗೆ ಕೊಡಲು ಯಾರಿಗೂ ಮನಸ್ಸಾಗಲಿಲ್ಲ. ಸರಕಾರಗಳು ಒಂದಾದ ಮೇಲೊಂದು ಬದಲಾದರೂ ಸಾಯುವವರೆಗೆ ಆತನೇ ಆ ಪೀಠದಲ್ಲಿದ್ದನು. 1924ರ ಡಾಸ್ ಯೋಜನೆಯಿಂದ ಯುದ್ಧಪರಿಹಾರದ ಕಂತುಗಳು ಹಗುರವಾದವು; 80 ಕೋಟಿ ಚಿನ್ನದ ಮಾರ್ಕುಗಳ ಸಾಲವೂ ದೊರೆಯಿತು. 1925ರ ಲೊಕಾರ್ನೊ ಒಪ್ಪಂದದಿಂದ ಫ್ರಾನ್ಸ್ ಮತ್ತು ಬೆಲ್ಜಿಯಂ ಗಡಿಗಳು ಸ್ಥಿರವಾದವು. ಪೋಲೆಂಡಿನ ಗಡಿಯನ್ನು ಆತನು ಎಂದೂ ಒಪ್ಪಲಿಲ್ಲವೆಂಬುದನ್ನು ಮರೆಯತಕ್ಕುದಲ್ಲ. 1926ರಲ್ಲಿ ಜರ್ಮನಿಯು ರಾಷ್ಟ್ರಸಂಘವನ್ನು ಸೇರಿತು; ಅದೇ ವರ್ಷದ ನೊಬೆಲ್ ಶಾಂತಿ ಪಾರಿತೋಷಕವು ಆತನಿಗೂ ಫ್ರಾನ್ಸಿನ ಅರಿಸ್ಟೀಡ್ ಬ್ರಿಯಾಂಡನಿಗೂ ಕೂಡಿ ಬಂದಿತು. ಆತನು ತೊಡುತ್ತಿದ್ದ ಕಪ್ಪು ಗಿಡ್ಡ ಕೋಟು, ಪಟ್ಟೆಯ ಇಜಾರಗಳ ಉಡುಪಿಗೆ ಜರ್ಮನರು ಇಂದಿಗೂ ಸ್ಟ್ರೆಸೆಮನ್ ಎಂದೇ ಹೆಸರು ಹೇಳುತ್ತಾರೆ.

ಬೀದಿಗಳಲ್ಲಿ ಬೆಳಕು, ನಾಟಕಶಾಲೆಗಳಲ್ಲಿ ಗದ್ದಲ, ಕಾರಖಾನೆಗಳಲ್ಲಿ ಹೊಗೆ. ಹೊರಗಿನವರಿಗೆ ಜರ್ಮನಿಯು ಗುಣವಾದಂತೆ ಕಂಡಿತು. ಗಾಯವು ಒಳಗಿತ್ತು. ಹೊಸ ನಾಣ್ಯವು ನಾಳಿನ ರೊಟ್ಟಿಯನ್ನು ಉಳಿಸಿತೇ ಹೊರತು ನಿನ್ನೆಯ ಉಳಿತಾಯವನ್ನು ಹಿಂದಕ್ಕೆ ತರಲಿಲ್ಲ. 12 ಸೊನ್ನೆಗಳು ಹಾರಿಹೋದಾಗ ಅವುಗಳೊಡನೆ ವಿಧವೆಯ ಪಾಸುಪುಸ್ತಕವೂ ಹಾರಿಹೋಯಿತು. ತಮಗೆ ನ್ಯಾಯ ಬೇಕೆಂದು ಉಳಿತಾಯದವರು ಸಂಘಗಳನ್ನು ಕಟ್ಟಿ ಕೂಗಿದರು. 1925ರಲ್ಲಿ ಬಂದ ಕಾನೂನು ಅಡಮಾನದ ಸಾಲಗಳಿಗೆ ಹಳೆಯ ಬೆಲೆಯ ನೂರಕ್ಕೆ 25ರಷ್ಟನ್ನು ಕೊಡಿಸಿತು. ಅದೂ ಅಸಲು ಸಂದಾಯವಾಗಬೇಕಾದುದು 1932ರಲ್ಲಿ. ಸರಕಾರಿ ಪತ್ರಗಳನ್ನು ಕೊಂಡಿದ್ದವರಿಗೆ ಇದಕ್ಕಿಂತ ಬಹಳ ಕಡಮೆ ಸಿಕ್ಕಿತು. ಎಲ್ಲವನ್ನೂ ಕೊಟ್ಟಿದ್ದರೆ ಹೊಸ ನಾಣ್ಯವೂ ಮುಳುಗುತ್ತಿತ್ತೆಂಬುದು ಆಳುವವರ ವಾದ, ಅದು ಸುಳ್ಳಲ್ಲ. ಆದರೆ ಮುಪ್ಪಿನಲ್ಲಿ ಮನೆಯ ಪಾತ್ರೆಗಳನ್ನು ಮಾರುತ್ತಿದ್ದವನಿಗೆ ಆ ವಾದದಿಂದ ಏನಾಗಬೇಕು? ಈ ಜನರು ಮೊದಲು ಸ್ಟ್ರೆಸೆಮನ್ನನ ಪಕ್ಷದಂತಹ ಮಿತವಾದಿ ಪಕ್ಷಗಳಿಗೆ ಮತ ಕೊಡುತ್ತಿದ್ದವರು. 1920ರ ದಶಕದ ನಡುವಿನಲ್ಲಿ ಅವರು ಆ ಪಕ್ಷಗಳನ್ನು ಬಿಟ್ಟು ಮನೆಯೊಡೆಯರದು, ಉಳಿತಾಯದವರದು, ರೈತರದು ಎಂಬ ಚಿಕ್ಕ ಚಿಕ್ಕ ಪಕ್ಷಗಳತ್ತ ಸರಿದರು. 1928ರ ಮೇ ತಿಂಗಳ ಚುನಾವಣೆಯಲ್ಲಿ ಹಿಟ್ಲರನ ಪಕ್ಷಕ್ಕೆ ಬಂದುದು ನೂರಕ್ಕೆ 2.6 ಮತ, 12 ಸ್ಥಾನ. ಅದನ್ನು ಕಂಡು ಅನೇಕರು ಸಮಾಧಾನಪಟ್ಟರು. ಮನೆಯನ್ನು ಬಿಟ್ಟು ಹೊರಟವರು ಅಂಗಳದಲ್ಲಿ ನಿಂತಿದ್ದಾರೆಂಬುದನ್ನು ಗಮನಿಸಿದವರು ಕಡಮೆ.

ಇನ್ನೊಂದು ಭಯವನ್ನು ಸ್ಟ್ರೆಸೆಮನ್ನನೇ ಬಾಯಿಬಿಟ್ಟು ಹೇಳಿದ್ದನು. ಜರ್ಮನಿಯ ಏಳಿಗೆಯು ಅಮೆರಿಕದಿಂದ ಬಂದ ಅಲ್ಪಾವಧಿಯ ಸಾಲಗಳ ಮೇಲೆ ನಿಂತಿದೆ, ಅವರು ಒಮ್ಮೆಲೇ ಹಿಂದಕ್ಕೆ ಕೇಳಿದರೆ ದೇಶವು ದಿವಾಳಿಯಾಗುವುದೆಂದು 1928ರಲ್ಲಿ ಎಚ್ಚರಿಸಿದನು. ಆ ಹೊತ್ತಿಗೆ ಆತನ ಮೂತ್ರಪಿಂಡವೂ ಹೃದಯವೂ ಕೆಟ್ಟಿದ್ದವು. ವೈದ್ಯರು ವಿಶ್ರಾಂತಿ ಬೇಕೆಂದರು, ಆತನು ಕೇಳಲಿಲ್ಲ. ಪರಿಹಾರದ ಹೊರೆಯನ್ನು ಇನ್ನಷ್ಟು ಇಳಿಸಿ ರೈನ್ ಪ್ರದೇಶದಿಂದ ಪರಸೈನ್ಯವನ್ನು ಹೊರಡಿಸುವ ಮಾತುಕತೆಗಾಗಿ 1929ರ ಆಗಸ್ಟಿನಲ್ಲಿ ಹೇಗ್ ನಗರಕ್ಕೆ ಹೋದನು. ಅದನ್ನು ಸಾಧಿಸಿಯೂ ಬಂದನು. ಮನೆಯಲ್ಲಿ ಕಾದಿದ್ದುದೇನೆಂದರೆ, ಪತ್ರಿಕೆಗಳ ಒಡೆಯ ಹ್ಯೂಗೆನ್‌ಬರ್ಗನೂ ಹಿಟ್ಲರನೂ ಕೈಗೂಡಿಸಿ ಅದೇ ಒಪ್ಪಂದದ ವಿರುದ್ಧ ಎಬ್ಬಿಸಿದ್ದ ಚಳವಳಿ. ಆತನ ಸ್ವಂತ ಪಕ್ಷದಲ್ಲಿಯೇ ನಿರುದ್ಯೋಗ ವಿಮೆಯ ಖರ್ಚಿನ ಬಗೆಗೆ ಒಡಕು ಹುಟ್ಟಿತ್ತು. ಅಕ್ಟೋಬರ್ 2ರಂದು ದಿನವೆಲ್ಲ ಆ ಒಡಕನ್ನು ಬೆಸೆಯುವುದರಲ್ಲಿ ಕಳೆದು ಮನೆಗೆ ಬಂದನು. 3ರ ಬೆಳಗಿನ ಜಾವ ಲಕ್ವ ಹೊಡೆದು ತೀರಿಕೊಂಡನು. ಆತನ ವಯಸ್ಸು 51. ಬರ್ಲಿನ್ನಿನಲ್ಲಿ ಶವಯಾತ್ರೆಗೆ ಜನಸಾಗರವೇ ನೆರೆಯಿತು.

ಮೂರು ವಾರಗಳ ಮೇಲೆ, ಅಕ್ಟೋಬರ್ 24ರಂದು, ನ್ಯೂಯಾರ್ಕಿನ ಷೇರುಪೇಟೆಯು ಕುಸಿಯಿತು.

ಆತನು ಹೆದರಿದಂತೆಯೇ ಅಮೆರಿಕನರು ಸಾಲವನ್ನು ಹಿಂದಕ್ಕೆ ಕೇಳಿದರು. ಕಾರಖಾನೆಗಳು ಮುಚ್ಚಿದವು; 1931ರ ಜುಲೈಯಲ್ಲಿ ದೊಡ್ಡದೊಂದು ಬ್ಯಾಂಕು ಬಾಗಿಲು ಹಾಕಿತು. ಹಣವು ಮತ್ತೆ ಸಾಯುವುದೆಂಬ ಭಯದಿಂದ ಚಾನ್ಸೆಲರ್ ಬ್ರೂನಿಂಗನು ಸಂಬಳಗಳನ್ನು ಕಡಿದು ತೆರಿಗೆಗಳನ್ನು ಏರಿಸಿದನು. 1923ರ ನೆನಪು ಎಷ್ಟು ಆಳವಾಗಿತ್ತೆಂದರೆ, ಅದಕ್ಕೆ ವಿರುದ್ಧವಾದ ರೋಗಕ್ಕೂ ಅದೇ ಪಥ್ಯವನ್ನು ಮಾಡಿಸಿದರು. 1932ರ ಆರಂಭದಲ್ಲಿ ಕೆಲಸವಿಲ್ಲದವರು 60 ಲಕ್ಷ. ಹಿಟ್ಲರನ ಪಕ್ಷಕ್ಕೆ 1930ರ ಸೆಪ್ಟೆಂಬರಿನಲ್ಲಿ 107 ಸ್ಥಾನಗಳು, 1932ರ ಜುಲೈಯಲ್ಲಿ 230. ಸ್ಟ್ರೆಸೆಮನ್ನನ ಪಕ್ಷಕ್ಕೆ 1928ರಲ್ಲಿ 45 ಇದ್ದುದು ಈಗ 7. ಮತದ ಲೆಕ್ಕಗಳನ್ನು ಸೋಸಿ ನೋಡಿದ ಚರಿತ್ರಕಾರರು ಕಂಡ ಒಂದು ಸಂಗತಿಯು ಮನನೀಯವಾದುದು. ಕೆಲಸ ಕಳೆದುಕೊಂಡ ಕೂಲಿಕಾರರು ಹೆಚ್ಚಾಗಿ ಹೋದುದು ಕಮ್ಯುನಿಸ್ಟರ ಕಡೆಗೆ. ಹಿಟ್ಲರನ ಕಡೆಗೆ ಹೆಚ್ಚಾಗಿ ಹೋದವರಲ್ಲಿ ಅಂಗಡಿಕಾರರು, ಸಣ್ಣ ರೈತರು, ಪಿಂಚಣಿದಾರರು ಸೇರಿದ್ದರು. ಇನ್ನೂ ಸ್ವಲ್ಪ ಉಳಿದಿರುವುದನ್ನು ಎರಡನೆಯ ಸಲ ಕಳೆದುಕೊಳ್ಳುವೆವೆಂದು ನಡುಗುತ್ತಿದ್ದವರು. ಕೋಪೆನಿಕ್ ಬೀದಿಯ ಆ ಶೀಶೆ ಬಿಯರಿನ ವ್ಯಾಪಾರಿಯ ನಂಟರಿಷ್ಟರಂತಹವರೇ ಇವರು.

ಬಡತನವೊಂದೇ ಹಿಟ್ಲರನನ್ನು ತಂದಿತೆಂದು ಹೇಳಿದರೆ ತಪ್ಪಾದೀತು. ಅಮೆರಿಕದಲ್ಲಿಯೂ ಬ್ರಿಟನ್ನಿನಲ್ಲಿಯೂ ಅದೇ ಮುಗ್ಗಟ್ಟಿತ್ತು. ಅಲ್ಲಿ ಸಂಸತ್ತುಗಳು ಉಳಿದವು. ಜರ್ಮನಿಯಲ್ಲಿಯೂ 1932ರ ನವೆಂಬರಿನಲ್ಲಿ ಆತನ ಸ್ಥಾನಗಳು 196ಕ್ಕೆ ಇಳಿದಿದ್ದವು. 1933ರ ಜನವರಿ 30ರಂದು ಆತನನ್ನು ಕರೆದು ಗಾದಿಯ ಮೇಲೆ ಕೂರಿಸಿದವರು ಹಸಿದವರಲ್ಲ. ವೃದ್ಧ ರಾಷ್ಟ್ರಾಧ್ಯಕ್ಷ ಹಿಂಡೆನ್‌ಬರ್ಗನೂ ಆತನ ಸುತ್ತಲಿದ್ದ ಉಂಡುಟ್ಟು ಸುಖವಾಗಿದ್ದ ಮಹನೀಯರೂ. ಈ ಕೋಪದ ಕುದುರೆಯನ್ನು ತಾವು ಹತೋಟಿಯಲ್ಲಿಡಬಲ್ಲೆವೆಂದು ಅವರು ಎಣಿಸಿದರು.

ಕೇಟೆ ಸ್ಟ್ರೆಸೆಮನ್ನಳು ಯಹೂದಿ ಮೂಲದವಳೆಂಬ ಕಾರಣದಿಂದ ಗಂಡನ ದೇಶದಲ್ಲಿ ಬಾಳುವಂತಿರಲಿಲ್ಲ. ಆಕೆಯೂ ಮಕ್ಕಳೂ ದೇಶವನ್ನು ಬಿಟ್ಟು ಅಮೆರಿಕಕ್ಕೆ ಹೋದರು. ಹಿರಿಯ ಮಗ ವುಲ್ಫ್‌ಗಾಂಗನು ಬಹು ವರ್ಷಗಳ ಮೇಲೆ ಹಿಂದಿರುಗಿ, 1959ರಿಂದ ಬರ್ಲಿನ್ನಿನ ಪ್ರಸಿದ್ಧ ಫಿಲ್‌ಹಾರ್ಮೊನಿಕ್ ವಾದ್ಯವೃಂದದ ಆಡಳಿತವನ್ನು ನಡೆಸಿದನು. ಆತನ ತಂದೆಯ ಹೆಸರನ್ನು 1930ರಲ್ಲಿ ಬರ್ಲಿನ್ ನಗರದ ನಡುವಣ ಒಂದು ಬೀದಿಗೆ ಇಟ್ಟಿದ್ದರು. 1935ರಲ್ಲಿ ಹಿಟ್ಲರನ ಆಳ್ವಿಕೆಯು ಆ ಫಲಕವನ್ನು ಕಿತ್ತು ಬೇರೆ ಹೆಸರನ್ನು ಹಾಕಿತು. ಯುದ್ಧದಲ್ಲಿ ಆ ಬೀದಿಯ ಮನೆಗಳು ಬಹುಮಟ್ಟಿಗೆ ಹಾಳಾದವು. 1947ರಲ್ಲಿ ಹಾಳು ಗೋಡೆಗಳ ನಡುವೆ ಹಳೆಯ ಹೆಸರಿನ ಫಲಕವನ್ನು ಮತ್ತೆ ನಿಲ್ಲಿಸಿದರು. ಅದು ಇಂದಿಗೂ ಅಲ್ಲಿದೆ.